ಪಾಯಿಂಟಕ್ಕನ ಮೀಟರು

ಕಂಪನಿಯಲ್ಲಿ ಅವಳನ್ನು ಎಲ್ಲರೂ ಪಾಯಿಂಟಕ್ಕ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಹರಿದುಹೋಗುವಾಗ ದಾರಿಯಲ್ಲಿ ಎಷ್ಟು ಸೋರಿತು ಎಂದು ಅಳೆಯುವುದು ಅವಳ ಕೆಲಸ. ಆ ಸೋರಿಕೆಯ ಲೆಕ್ಕವೆಲ್ಲ ದಶಮಾಂಶದಲ್ಲಿ. ಪಾಯಿಂಟ್ ಸೊನ್ನೆ ಮೂರು, ಪಾಯಿಂಟ್ ಒಂದು ಎಂದು ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅದೇ ಅಂಟಿಕೊಂಡಿತ್ತು. ಬಸ್ ಓಡಿಸುವ ಗಂಡ ಅಪರೂಪಕ್ಕೊಮ್ಮೆ ಟೀ ಮಾಡಿಕೊಟ್ಟರೆ, "ಸಕ್ಕರೆ ಪಾಯಿಂಟ್ ಎರಡು ಜಾಸ್ತಿ ಆಯ್ತು" ಎನ್ನುವಳು. "ಸುಮ್ನೆ ಕುಡಿಯೇ, ನಿನ್ನ ಮೀಟರ್ ನಾಲಿಗೆ ಮೇಲೂ ಇದೆಯಾ?" ಎಂದು ಅವನು ರೇಗುವನು.

ಈ ಕೆಲಸಕ್ಕೆ ಬರುವ ಮೊದಲು ಅವಳು ಬಟ್ಟೆಯ ಮೇಲೆ ಕಸೂತಿ ಹಾಕುವ ಕಾರ್ಖಾನೆಯಲ್ಲಿದ್ದಳು. ಅದು ಮುಚ್ಚಿತು. ಕಣ್ಣು ಚುರುಕಾಗಿರುವ, ಕೈ ನಡುಗದ ಜನ ಬೇಕು ಎಂದು ಕೇಬಲ್ ಕಂಪನಿಯವರು ಹುಡುಕುತ್ತಿದ್ದ ಕಾಲ ಅದು. ಸೇರಿಕೊಂಡಳು. ಹದಿನಾಲ್ಕು ವರ್ಷ ಗಾಜಿನ ಎಳೆಗಳನ್ನು ಬೆಸೆದಳು. ಆಮೇಲೆ ಕಣ್ಣಿಗೆ ಕನ್ನಡಕ ಬಂದು, ಬೆಸೆಯುವವರ ಸಾಲಿನಿಂದ ಪರೀಕ್ಷಿಸುವವರ ಸಾಲಿಗೆ ಬಂದಳು. ಬೆಸೆಯುವ ವಿದ್ಯೆಯನ್ನು ಮೈದುನನಿಗೆ ಕಲಿಸಿದವಳೂ ಅವಳೇ. ಗಂಡನ ತಮ್ಮ, ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅದೇ ಮನೆಯ ಮೇಲಿನ ಮಹಡಿಯಲ್ಲಿ ಹೆಂಡತಿಯೊಂದಿಗೆ ಇದ್ದ. ಕಲಿಸಿದವಳನ್ನೇ ಮೀರಿಸಿದ ಎಂದು ಅವಳೇ ಒಪ್ಪಿಕೊಳ್ಳುತ್ತಿದ್ದಳು. "ನಾನು ಹತ್ತು ಜೋಡಿಸೋದ್ರೊಳಗೆ ಅವನು ಹದಿನೈದು ಜೋಡಿಸ್ತಾನೆ. ಅದೂ ಸಿಳ್ಳೆ ಹಾಕ್ಕೊಂಡು."

ಅವಳಿಗೆ ಒಂದು ಹೆಸರಿತ್ತು: ಪಾಯಿಂಟಕ್ಕ ಸಹಿ ಮಾಡಿದಳೆಂದರೆ ಮುಗಿಯಿತು, ಮತ್ತೆ ಯಾರೂ ನೋಡಬೇಕಾಗಿಲ್ಲ. ಆ ಹೆಸರನ್ನು ಅವಳು ಕಣ್ಣಿನ ರೆಪ್ಪೆಯಂತೆ ಕಾಪಾಡಿಕೊಂಡಿದ್ದಳು. ಮೀಟರನ್ನೂ ಹಾಗೆಯೇ. ಅಂಗೈ ಅಗಲದ ಹಳದಿ ಪೆಟ್ಟಿಗೆ. ಅದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ, ಒಮ್ಮೆಯೂ ಬೀಳಿಸಿರಲಿಲ್ಲ. ಬೆಳಕು ಒಳಹೋಗುವ ಬಾಯನ್ನು ಪ್ರತಿ ಬೆಳಗ್ಗೆ ಒರೆಸುವಳು. ಆದರೆ ವರ್ಷಕ್ಕೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ, ಅದಕ್ಕಿಂತ ಮೇಲ್ಮಟ್ಟದ ಮೀಟರಿನ ಪಕ್ಕದಲ್ಲಿಟ್ಟು ಸರಿಯಿದೆಯೇ ಎಂದು ನೋಡಿಸಬೇಕಲ್ಲ, ಆ ಕ್ಯಾಲಿಬ್ರೇಶನ್ ಎಂದರೆ ಮಾತ್ರ ಅವಳಿಗೆ ಅಲಕ್ಷ್ಯ. ಕಳಿಸಿದರೆ ಮೂರು ವಾರ ಕೈ ಖಾಲಿ. "ದಿನಾ ಕೈಯಲ್ಲಿ ಹಿಡಿಯೋಳು ನಾನು. ಇದಕ್ಕೆ ಜ್ವರ ಬಂದ್ರೆ ನನಗೆ ಗೊತ್ತಾಗಲ್ವಾ?" ಎನ್ನುವಳು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಮೀಟರಿನ ಬೆನ್ನಿಗಿದ್ದ ಚೀಟಿಯ ದಿನಾಂಕ ದಾಟಿ ಹತ್ತು ತಿಂಗಳಾಗಿತ್ತು.

ಅಂಥ ದಿನಗಳಲ್ಲೇ ಮೈದುನನ ಒಂದು ಲೈನು ಫೇಲಾಯಿತು.

ನಲವತ್ತೆಂಟು ಕಿಲೋಮೀಟರ್ ಉದ್ದದ ಲೈನು. ನಡುವೆ ಹನ್ನೆರಡು ಜೋಡಣೆ. ಹದಿಮೂರು ಡೆಸಿಬೆಲ್‌ಗಿಂತ ಹೆಚ್ಚು ಬೆಳಕು ಸೋರಬಾರದು ಎಂದು ಒಪ್ಪಂದ. ವ್ಯಾನಿನ ಹಿಂಬಾಗಿಲು ತೆರೆದು, ಮಡಚುವ ಮೇಜಿನ ಮೇಲೆ ಮೀಟರಿಟ್ಟು ನೋಡಿದಳು: ಹದಿಮೂರು ಪಾಯಿಂಟ್ ಎರಡು. ತುದಿ ಒರೆಸಿ ಮತ್ತೆ ನೋಡಿದಳು. ಅದೇ. ಗಾಜು ಕಾರ್ಖಾನೆಯಲ್ಲೇ ಪರೀಕ್ಷೆಯಾಗಿ ಬಂದದ್ದು. ಮನುಷ್ಯನ ಕೈ ಬಿದ್ದದ್ದು ಜೋಡಣೆಯಲ್ಲಿ ಮಾತ್ರ. ಯಾವ ಜೋಡಣೆಯಲ್ಲಿ ಎಷ್ಟು ಸೋರಿದೆ ಎಂದು ಗೆರೆ ಎಳೆದು ತೋರಿಸುವ ದೊಡ್ಡ ಯಂತ್ರ ಕಂಪನಿಯಲ್ಲಿ ಒಂದೇ ಇತ್ತು. ಅದು ಕಡಿದುಹೋದ ಲೈನುಗಳನ್ನು ಹುಡುಕುವ ತಂಡದ ಬಳಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಅವಳು ವರದಿಯಲ್ಲಿ 'ಜೋಡಣೆ ದೋಷ' ಎಂದು ಬರೆದಳು.

ಮೈದುನ ನಾಲ್ಕು ದಿನ ಜೋಡಣೆಗಳಿರುವ ಗುಂಡಿಯಿಂದ ಗುಂಡಿಗೆ ಇಳಿದು ಹನ್ನೆರಡನ್ನೂ ಕತ್ತರಿಸಿ ಮತ್ತೆ ಬೆಸೆದ. ಮತ್ತೆ ಹದಿಮೂರು ಪಾಯಿಂಟ್ ಎರಡು.

"ಅತ್ತಿಗೆ, ಒಂದು ಮಾತು," ಎಂದ ಅವನು, ಮಣ್ಣಾದ ಮೊಣಕಾಲು ಒರೆಸಿಕೊಳ್ಳುತ್ತ. "ನನ್ನ ಕೈದೇ ತಪ್ಪಾಗಿದ್ರೆ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ಬರಬೇಕಿತ್ತಲ್ವಾ? ಅದು ಹೇಗೆ ಕಡ್ಡಿ ಇಟ್ಟು ಗೆರೆ ಹೊಡೆದ ಹಾಗೆ ಅದೇ ನಂಬರ್ ಬರುತ್ತೆ? ಒಂದ್ಸಲ ನಿಮ್ಮ ಮೀಟರ್ ತೋರಿಸಬಾರ್ದಾ?"

ಸುತ್ತ ಕೇಬಲ್ ಎಳೆಯುವವರು ನಿಂತಿದ್ದರು. ಮೈದುನನಾದ್ದರಿಂದ ಅತ್ತಿಗೆ ಸಡಿಲ ಬಿಟ್ಟಳು ಎಂಬ ಮಾತು ಬರಬಾರದೆಂದು ಅವಳು ಮೊದಲೇ ಬಿಗಿಯಾಗಿದ್ದಳು. ಬಾಯಿಂದ ಮಾತು ಜಾರಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ನಿಂತವರೆಲ್ಲ ನಕ್ಕರು. ಅವನು ನಗಲಿಲ್ಲ. ಉಪಕರಣದ ಪೆಟ್ಟಿಗೆ ಮುಚ್ಚಿ, ಹೆಗಲಿಗೇರಿಸಿಕೊಂಡು ಹೋದ.

ಮುಂದಿನ ಆರು ವಾರದಲ್ಲಿ ಅವನ ಇನ್ನೂ ಎರಡು ಲೈನು ಫೇಲಾದವು. ಬೇರೆ ಬೆಸೆಯುವವರದೆಲ್ಲ ಸರಾಗವಾಗಿ ಪಾಸು. ಮೇಲ್ವಿಚಾರಕ ಅವಳ ಮೂರು ವರದಿಗಳನ್ನು ಮೇಜಿನ ಮೇಲೆ ಹರಡಿ, "ಏನಮ್ಮಾ, ನಿನ್ನ ಮೈದುನನಿಗೆ ಏನಾಗಿದೆ? ಕುಡಿಯೋಕೆ ಶುರುಮಾಡಿದ್ದಾನಾ?" ಎಂದ. "ಕುಡಿಯಲ್ಲ. ನಾನು ಅಳೆದಿದ್ದನ್ನ ಬರೆದಿದ್ದೀನಿ, ಅಷ್ಟೇ," ಎಂದಳು. ಮರುದಿನ ಅವನನ್ನು ಬೆಸುಗೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಮರದ ದೊಡ್ಡ ಉರುಳೆಗಳಿಂದ ಕೇಬಲ್ ಬಿಚ್ಚಿ, ಉದ್ದ ಕತ್ತರಿಸಿ, ಮತ್ತೆ ಸುತ್ತಿ ಕೊಡುವ ಕೆಲಸ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು. ಮೇಲಿನ ಮಹಡಿಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಮೊದಲೆಲ್ಲ ವಾರಗಿತ್ತಿ ಆ ಮೆಟ್ಟಿಲಿಳಿದು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿಯೆಲ್ಲ ಹೇಳುವಳು. ಈಗ ಅವಳ ಚಪ್ಪಲಿಯ ಸದ್ದು ಕೆಳಗಿನ ಬಾಗಿಲಿಗೆ ಬರುವ ಮೊದಲೇ ಬೀದಿಗೆ ತಿರುಗಿಬಿಡುತ್ತಿತ್ತು. ಗಂಡ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕವನಂತಾದ. ಒಂದು ಸಂಜೆ ಕೇಳಿಯೇಬಿಟ್ಟ.

"ಅವನು ಅಷ್ಟು ಹೇಳಿದ್ನಂತಲ್ಲ, ಮೀಟರ್ ಒಂದ್ಸಲ ನೋಡಿಸೋದ್ರಲ್ಲಿ ನಿನ್ನ ಗಂಟೇನು ಹೋಗ್ತಿತ್ತು?"

"ಬೇರೆಯವರದ್ದೆಲ್ಲ ಇದೇ ಮೀಟರಲ್ಲಿ ಪಾಸಾಗಿಲ್ವಾ? ಮೀಟರಿಗೇನು ನಿಮ್ಮ ತಮ್ಮನ ಮೇಲೆ ಹಗೆಯಾ?"

ಅವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡು ನಗುತ್ತೇವೆ. ಆದರೆ ಆ ಮೊಲವನ್ನು ದಿನಾ ಎಣಿಸಿದಾಗಲೂ ಮೂರೇ ಕಾಲು ಸಿಕ್ಕುತ್ತಿದ್ದರೆ ಹಿಡಿದವರು ತಾನೇ ಏನು ಮಾಡಿಯಾರು?

ಮೈದುನ ಉಗ್ರಾಣಕ್ಕೆ ಹೋದ ಮೂರನೇ ತಿಂಗಳು ಕಂಪನಿಗೆ ಹೊಸ ಗಿರಾಕಿ ಬಂದರು. ಕೆಲಸ ಶುರುವಾಗುವ ಮೊದಲು ಎಲ್ಲ ಉಪಕರಣಗಳ ಕ್ಯಾಲಿಬ್ರೇಶನ್ ಪತ್ರ ಬೇಕು, ಒಂದು ವರ್ಷಕ್ಕಿಂತ ಹಳೆಯದು ನಡೆಯುವುದಿಲ್ಲ ಎಂದರು. ಅವಳು ಗೊಣಗುತ್ತಲೇ ಹಳದಿ ಪೆಟ್ಟಿಗೆಯನ್ನು ಸ್ಪಂಜಿನಲ್ಲಿ ಸುತ್ತಿ ಕಳಿಸಿದಳು.

ಹದಿನೆಂಟು ದಿನಕ್ಕೆ ಮೀಟರು ಬಂತು, ಜೊತೆಗೆ ಎರಡು ಹಾಳೆ. ಸಾಮಾನ್ಯವಾಗಿ ಅವಳು ಎರಡನೇ ಹಾಳೆಯ ಕೆಳಗಿನ ಮುದ್ರೆ ನೋಡಿ ಫೈಲಿಗೆ ಹಾಕುವವಳು. ಆ ದಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯ ಗೆರೆಯಿತ್ತು. 'ಬಂದಾಗ ಇದ್ದ ಸ್ಥಿತಿ' ಎಂಬ ತಲೆಬರಹದ ಕೆಳಗೆ ಎರಡು ಸಾಲು ಅಂಕಿ, ಲ್ಯಾಬಿನ ಮೀಟರು ಹೇಳಿದ್ದು ಒಂದು, ಅವಳದು ಹೇಳಿದ್ದು ಇನ್ನೊಂದು. ಮೇಲಿನ ಅಂಕಿಗಳೆಲ್ಲ ಸರಿಯಾಗಿದ್ದವು. ಕೆಳಗೆ ಹೋದಂತೆ ಎರಡು ಸಾಲಿನ ನಡುವೆ ಅಂತರ ಬೆಳೆಯುತ್ತ ಹೋಗಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದಳು. ಆಮೇಲೆ ಲ್ಯಾಬಿಗೆ ಫೋನ್ ಮಾಡಿದಳು.

"ಬೆಳಕು ಜೋರಾಗಿದ್ದಾಗ ನಿಮ್ಮ ಮೀಟರ್ ಸರಿಯಾಗೇ ಹೇಳ್ತಿತ್ತಮ್ಮ," ಎಂದ ಲ್ಯಾಬಿನವನು, ದಿನಕ್ಕೆ ಹತ್ತು ಸಲ ಇದನ್ನೇ ಹೇಳುವವನ ತಾಳ್ಮೆಯಲ್ಲಿ. "ಮಂದ ಬೆಳಕು ಬಂದ್ರೆ ಇರೋದಕ್ಕಿಂತ ಕಮ್ಮಿ ಬೆಳಕು ತೋರಿಸ್ತಿತ್ತು, ಅದಕ್ಕೇ ಸೋರಿಕೆ ಜಾಸ್ತಿ ಬರ್ತಿತ್ತು. ಚಿಕ್ಕ ಲೈನಲ್ಲಿ ನಿಮಗೆ ಗೊತ್ತೇ ಆಗಲ್ಲ. ಉದ್ದದ ಲೈನಲ್ಲಿ ಮುಕ್ಕಾಲು, ಒಂದು ಡೆಸಿಬೆಲ್ ಸುಮ್ನೆ ಮಾಯ ಆಗುತ್ತೆ."

"ನಾನು ಒಂದ್ಸಲಾನೂ ಬೀಳಿಸಿಲ್ಲ."

"ಬಿದ್ದಿದ್ರೆ ನಿಮಗೇ ಅನುಮಾನ ಬರ್ತಿತ್ತು, ಆವಾಗಲೇ ಕಳಿಸ್ತಿದ್ರಿ. ಇದು ವ್ಯಾನಿನ ಬಿಸಿ, ಧೂಳು, ವಯಸ್ಸು. ದಿನಾ ಒಂದೊಂದು ಕೂದಲೆಳೆ ಜಾರಿರುತ್ತೆ. ದಿನಾ ಅದನ್ನೇ ನೋಡೋರಿಗೆ ಹೇಗಮ್ಮ ಕಾಣ್ಬೇಕು? ಪಕ್ಕದಲ್ಲಿ ಇನ್ನೊಂದು ಇಟ್ಟಾಗಲೇ ಕಾಣೋದು. ನಮ್ಮ ಲ್ಯಾಬಿನ ಮೀಟರನ್ನೂ ನಾವು ಇನ್ನೊಂದು ದೊಡ್ಡ ಲ್ಯಾಬಿಗೆ ಕಳಿಸ್ತೀವಿ."

ಫೋನಿಟ್ಟ ಮೇಲೆ ಅವಳಿಗೆ ಹೊಳೆಯಿತು. ಬೇರೆ ಬೆಸೆಯುವವರಿಗೆ ಕಂಪನಿ ಕೊಡುತ್ತಿದ್ದದ್ದು ಐದು, ಹತ್ತು ಕಿಲೋಮೀಟರಿನ ಊರೊಳಗಿನ ಲೈನುಗಳು. ನಲವತ್ತು, ಐವತ್ತರ ಲೈನುಗಳು ಮೈದುನನಿಗೇ ಹೋಗುತ್ತಿದ್ದವು, ಅವನ ಕೈ ಎಲ್ಲರಿಗಿಂತ ಚೆನ್ನಾಗಿದೆ ಎಂಬ ಕಾರಣಕ್ಕೆ. ಅವನು ಉಗ್ರಾಣಕ್ಕೆ ಹೋದ ಮೇಲೆ ಉದ್ದದ ಲೈನು ಒಂದೂ ಬಂದಿರಲಿಲ್ಲ. ಮೀಟರಿಗೆ ಅವನ ಮೇಲೆ ಹಗೆಯೇನೂ ಇರಲಿಲ್ಲ. ಮಂದ ಬೆಳಕು ಅದರ ಬಾಯಿಗೆ ಬೀಳುತ್ತಿದ್ದದ್ದು ಅವನ ಲೈನುಗಳಿಂದ ಮಾತ್ರ, ಅಷ್ಟೆ.

ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಫೈಲುಗಳ ಕಪಾಟಿನ ಮುಂದೆ ನೆಲದ ಮೇಲೆ ಕೂತು, ಚೀಟಿಯ ದಿನಾಂಕ ದಾಟಿದಂದಿನಿಂದ ಬರೆದ ವರದಿಗಳನ್ನೆಲ್ಲ ಹೊರಗೆಳೆದಳು. ಉದ್ದದ ಲೈನುಗಳನ್ನು ಬೇರೆ ಮಾಡಿದರೆ ಏಳು. ತಿಂಗಳ ಪ್ರಕಾರ ಸಾಲಾಗಿ ಜೋಡಿಸಿದಳು. ಮೊದಲನೆಯದು ಮಿತಿಗಿಂತ ಪಾಯಿಂಟ್ ಏಳು ಒಳಗೆ. ಮುಂದಿನದು ಪಾಯಿಂಟ್ ಆರು. ಆಮೇಲೆ ಪಾಯಿಂಟ್ ನಾಲ್ಕು, ಪಾಯಿಂಟ್ ಎರಡು. ಕೊನೆಯ ಮೂರು ಮಿತಿಯ ಆಚೆ. ತನ್ನದೇ ದುಂಡು ಅಕ್ಷರದಲ್ಲಿ ಮೀಟರು ಮೆಟ್ಟಿಲಿಳಿದು ಹೋಗಿತ್ತು. ಒಂದೊಂದೇ ಹಾಳೆಯನ್ನು ಒಂದೊಂದು ತಿಂಗಳು ಬರೆದವಳಿಗೆ ಅದು ಕಂಡಿರಲಿಲ್ಲ.

ಮೇಲ್ವಿಚಾರಕನ ಬಳಿ ಹೋಗಿ ಹಾಳೆಗಳನ್ನಿಟ್ಟಳು. ಅವನು ಓದಿ, ಕಿವಿ ಕೆರೆದುಕೊಂಡ.

"ಈಗ ಸರಿಮಾಡಿ ಕಳಿಸಿದ್ದಾರಲ್ಲ, ಬಿಡು. ಬೂದಿ ಮುಚ್ಚಿದ ಕೆಂಡ ಯಾಕೆ ಕೆದಕ್ತೀಯ? ಗಿರಾಕಿಗಳು ಯಾರೂ ಕೇಳಿಲ್ಲ."

"ಗಿರಾಕಿಗಳು ಕೇಳಿಲ್ಲ. ಆದರೆ ಉಗ್ರಾಣದಲ್ಲಿ ಒಬ್ಬ ಕೂತಿದ್ದಾನೆ."

"ಎಷ್ಟು ವರ್ಷದ ಹೆಸರಮ್ಮ ನಿಂದು! ಹಾಳು ಮಾಡ್ಕೋಬೇಡ."

"ಹೆಸರು ನನ್ನದು. ಫೇಲಾದ ಮೂರೂ ಲೈನು ಮತ್ತೆ ಅಳೀತೀನಿ. ಆ ದೊಡ್ಡ ಯಂತ್ರ ನನಗೆ ಒಂದು ವಾರ ಬೇಕು." ಅವಳ ದನಿ ಏರಲಿಲ್ಲ. ಮೇಲ್ವಿಚಾರಕ ಚೀಟಿ ಬರೆದುಕೊಟ್ಟ.

ಅಳೆಯುವುದಕ್ಕೆ ಮೊದಲೇ ಹೇಳಬೇಕೋ, ಅಳೆದ ಮೇಲೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಅಳೆದ ಮೇಲೆ ಎಂದರೆ ಅದೂ ಇನ್ನೊಂದು 'ಮುಂದಿನ ತಿಂಗಳು' ಆದೀತು ಎನ್ನಿಸಿ, ಅದೇ ಸಂಜೆ ಕಬ್ಬಿಣದ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ವಾರಗಿತ್ತಿ ಒಳಗೆ ಬಾ ಎನ್ನಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಮೈದುನ ಕಿಟಕಿಯ ಬಳಿ ಕೂತು ಮುರಿದ ರೇಡಿಯೊ ಬಿಚ್ಚುತ್ತಿದ್ದ.

"ನನ್ನ ಮೀಟರ್ ತಪ್ಪಾಗಿತ್ತು," ಎಂದಳು ನಿಂತಲ್ಲಿಂದಲೇ. "ಮಂದ ಬೆಳಕಲ್ಲಿ ಮುಕ್ಕಾಲಿಂದ ಒಂದರವರೆಗೆ ಕಮ್ಮಿ ತೋರಿಸ್ತಿತ್ತು. ನೀನು ಹೇಳಿದೆ, ನಾನು ಕೇಳಲಿಲ್ಲ. ಜನರ ಮುಂದೆ ಬೇರೆ ಆಡಿಕೊಂಡೆ. ತಪ್ಪು ನಂದು." ಲ್ಯಾಬಿನ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಅವನು ಹಾಳೆಯನ್ನು ನಿಧಾನವಾಗಿ ಓದಿದ. ಕೆಂಪು ಗೆರೆಯ ಮೇಲೆ ಬೆರಳಾಡಿಸಿದ. ಕೊನೆಗೆ, "ಹಾಗಾದ್ರೆ ನೆಲಾನೇ ಡೊಂಕಿತ್ತು," ಎಂದ. ಅದರಲ್ಲಿ ನಗುವಿತ್ತೋ ನೋವಿತ್ತೋ ಅವಳಿಗೆ ತಿಳಿಯಲಿಲ್ಲ. ವಾರಗಿತ್ತಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಮೂರು ತಿಂಗಳು ಇವರು ರಾತ್ರಿ ಊಟಕ್ಕೆ ಕೂತರೆ ಕೈ ನೋಡ್ಕೊಳ್ಳೋರು, ಅಕ್ಕಾ. ನಡುಗ್ತಾ ಇದೆಯಾ ಅಂತ ನನ್ನನ್ನ ಕೇಳೋರು. ಚೆನ್ನಾಗಿರೋ ಕೈಯನ್ನ."

ಮರುದಿನದಿಂದ ಅಳೆಯತೊಡಗಿದಳು. ಕೇಬಲ್ಲಿನಲ್ಲಿ ಬಳಸದೆ ಬಿಟ್ಟ ಎಳೆಗಳಿದ್ದುದರಿಂದ ಯಾರ ಕೆಲಸಕ್ಕೂ ಅಡ್ಡಿಯಾಗಲಿಲ್ಲ. ಮೊದಲ ಲೈನು ಹನ್ನೆರಡು ಪಾಯಿಂಟ್ ಮೂರು. ಎರಡನೆಯದು ಹನ್ನೆರಡು ಪಾಯಿಂಟ್ ನಾಲ್ಕು. ಎರಡೂ ಒಳ್ಳೆಯವು. ಮೂರನೆಯದು ಹನ್ನೆರಡು ಪಾಯಿಂಟ್ ಏಳು. ಪಾಸು, ಆದರೆ ತುಸು ಹೆಚ್ಚಾಯಿತಲ್ಲ ಎನಿಸಿ ದೊಡ್ಡ ಯಂತ್ರ ಹಚ್ಚಿದಳು. ಪರದೆಯ ಮೇಲೆ ಇಳಿಜಾರಿನ ಗೆರೆ ಮೂಡಿತು. ಏಳನೇ ಜೋಡಣೆಯಲ್ಲಿ ಒಂದು ಮೆಟ್ಟಿಲು. ಒಂದು ತುದಿಯಿಂದ ನೋಡಿದ್ದು ಸಾಲದೆಂದು ವ್ಯಾನಿನಲ್ಲಿ ಇನ್ನೊಂದು ತುದಿಗೆ ಹೋಗಿ ಅಲ್ಲಿಂದಲೂ ನೋಡಿದಳು. ಪಾಯಿಂಟ್ ಮೂರು. ಒಂದು ಜೋಡಣೆಗೆ ಅದು ಹೆಚ್ಚು, ಬಹಳ ಹೆಚ್ಚು. ಬೆಸೆದ ದಿನ ಮೈದುನನ ಯಂತ್ರ ಅಲ್ಲಿ ದಾಖಲಿಸಿದ್ದು ಪಾಯಿಂಟ್ ಸೊನ್ನೆ ಎರಡು.

ಲೈನು ಪಾಸಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೊನ್ನೆ ತಾನೇ ತಪ್ಪೊಪ್ಪಿಕೊಂಡ ಬಾಯಿಂದ ಇದನ್ನು ಹೇಗೆ ಹೇಳುವುದು? ಉಗ್ರಾಣದ ಬಾಗಿಲಲ್ಲಿ ಎರಡು ಸಲ ಹಿಂದಕ್ಕೆ ಹೋಗಿ ಬಂದಳು.

ಕೇಳಿದ ಕೂಡಲೇ ಅವನ ಮುಖ ಕೆಂಪಗಾಯಿತು. "ಮೊನ್ನೆ ಮೇಲೆ ಬಂದು ತಪ್ಪಾಯ್ತು ಅಂದ್ರಿ. ಇವತ್ತು ಮತ್ತೆ ಮೊಸರಲ್ಲಿ ಕಲ್ಲು ಹುಡುಕ್ತಿದ್ದೀರಾ, ಅತ್ತಿಗೆ?"

"ನನ್ನ ಮಾತು ನಂಬಬೇಡ. ಒಂದು ಸಲ ನಂಬಿ ಸಾಕಾಗಿದೆಯಲ್ಲ. ನೀನೇ ಬಂದು ನೋಡು."

ಬಂದು ನೋಡಿದ. ಗೆರೆಯ ಮೇಲಿನ ಮೆಟ್ಟಿಲನ್ನು ನೋಡಿದ. ಆಮೇಲೆ ತನ್ನ ಬೆಸುಗೆ ಯಂತ್ರವನ್ನು ಕಪಾಟಿನಿಂದ ಇಳಿಸಿ, ಮುಚ್ಚಳ ತೆರೆದು, ಭೂತಗನ್ನಡಿ ಹಿಡಿದ. ಎರಡು ಸೂಜಿಮೊನೆಗಳ ನಡುವೆ ಕಿಡಿ ಹಾರಿ ಗಾಜನ್ನು ಕರಗಿಸುವ ಯಂತ್ರ ಅದು. ಮೂರು ಸಾವಿರ ಕಿಡಿಗೊಮ್ಮೆ ಮೊನೆ ಬದಲಾಯಿಸಬೇಕು. ಲೆಕ್ಕ ನಾಲ್ಕು ಸಾವಿರ ದಾಟಿತ್ತು. ಮೊನೆಗಳು ಮೊಂಡಾಗಿ, ಬಿಳಿಯ ಹರಳು ಕಟ್ಟಿದ್ದವು. ಸಾಲದ್ದಕ್ಕೆ ಏಳನೇ ಜೋಡಣೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಗಾಳಿ ತೆಳುವಾದ ಕಡೆ ಕಿಡಿಯ ಬಲವನ್ನು ಮೊದಲು ಪರೀಕ್ಷಿಸಿ ಹೊಂದಿಸಿಕೊಳ್ಳಬೇಕು. ಆ ದಿನ ಮೂರನೇ ಲೈನೂ ಫೇಲಾದೀತೆಂಬ ಭಯದ ಅವಸರದಲ್ಲಿ ಅವನು ಅದನ್ನು ಬಿಟ್ಟಿದ್ದ.

"ಪರದೆ ಮೇಲೆ ಸೊನ್ನೆ ಎರಡು ಅಂತ ಬಂತು. ನಂಬಿಬಿಟ್ಟೆ," ಎಂದ.

"ಅದು ಅಳತೆಯಲ್ಲ, ಊಹೆ ಅಂತ ನಾನೇ ನಿನಗೆ ಹೇಳಿಕೊಟ್ಟಿದ್ದೆ. ಕ್ಯಾಮೆರಾದಲ್ಲಿ ನೋಡಿ ಚೆನ್ನಾಗಿದೆ ಅನ್ನುತ್ತೆ, ಅಷ್ಟೇ."

"ಹೇಳಿಕೊಟ್ಟಿದ್ರಿ. ವರ್ಷಕ್ಕೊಮ್ಮೆ ಮೀಟರ್ ಕಳಿಸಬೇಕು ಅಂತಾನೂ ನೀವೇ ಹೇಳಿಕೊಟ್ಟಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವನು ಅವನು. ಮೂರು ತಿಂಗಳ ನಂತರದ ಆ ನಗು ಕೆಮ್ಮಿನಂತೆ ಹೊರಬಂತು. ಅವಳಿಗೆ ನಗು ಬರುವ ಮೊದಲು ಕಣ್ಣು ತುಂಬಿತು, ಕನ್ನಡಕ ತೆಗೆದು ಒರೆಸಿಕೊಂಡಳು.

ಬೆಸುಗೆಗೆ ವಾಪಸು ಬಾ ಎಂದಾಗ ಅವನು ತಕ್ಷಣ ಒಪ್ಪಲಿಲ್ಲ. ಒಂದು ಷರತ್ತಿಟ್ಟ. ಪ್ರತಿ ವರದಿಯ ತಲೆಯಲ್ಲಿ ಎರಡು ದಿನಾಂಕ ಇರಬೇಕು: ಮೀಟರಿನ ಕ್ಯಾಲಿಬ್ರೇಶನ್ ಯಾವಾಗ ಆಯಿತು, ಬೆಸುಗೆ ಯಂತ್ರದ ಮೊನೆ ಯಾವಾಗ ಬದಲಾಯಿತು. ಎರಡರಲ್ಲಿ ಒಂದು ದಾಟಿದ್ದರೂ ಆ ದಿನ ಕೆಲಸವಿಲ್ಲ. "ನೀವಿಬ್ಬರು ಸೇರಿ ನನ್ನ ಕಂಪನಿ ಮುಚ್ಚಿಸ್ತೀರ," ಎಂದು ಮೇಲ್ವಿಚಾರಕ ಹಣೆ ಚಚ್ಚಿಕೊಂಡ. ಆದರೂ ಇನ್ನೊಂದು ಮೀಟರು ತರಿಸಿದ. ಒಂದು ಲ್ಯಾಬಿಗೆ ಹೋದರೆ ಇನ್ನೊಂದು ಕೈಯಲ್ಲಿರುತ್ತಿತ್ತು. ಎರಡೂ ಇದ್ದಾಗ ಸೋಮವಾರ ಬೆಳಗ್ಗೆ ಒಂದೇ ಬೆಳಕನ್ನು ಎರಡಕ್ಕೂ ಕೊಟ್ಟು, ಒಪ್ಪುತ್ತವೆಯೇ ಎಂದು ನೋಡುವಳು. ಹಳೆಯ ಮೂರು ವರದಿಗಳನ್ನು ಹರಿದುಹಾಕಲಿಲ್ಲ. ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಮೀಟರಿನ ತಪ್ಪು, ಬೆಸೆದವನದಲ್ಲ' ಎಂದು ಬರೆದು ಸಹಿ ಮಾಡಿದಳು. ಅದರ ಪ್ರತಿಯನ್ನು ಗಿರಾಕಿಗಳಿಗೂ ಕಳಿಸಿದಳು. ಒಬ್ಬ ಗಿರಾಕಿ ಸಿಟ್ಟಾಗಿ ಬೇರೆ ಕಂಪನಿಗೆ ಹೋದ. ಇನ್ನಿಬ್ಬರು ಮುಂದಿನ ಕೆಲಸಕ್ಕೆ ಪರೀಕ್ಷಕಿ ಇವಳೇ ಬೇಕು ಎಂದರು. ಏಳನೇ ಜೋಡಣೆಯನ್ನು ಮೈದುನ ಹೊಸ ಮೊನೆ ಹಾಕಿ ಕತ್ತರಿಸಿ ಬೆಸೆದ. ಈ ಸಲ ಅವಳು ದೂರದ ತುದಿಯಲ್ಲಿ ಫೋನ್ ಹಿಡಿದು ಕಾದಿದ್ದಳು.

ಎಲ್ಲ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ವಾರಗಿತ್ತಿ ಅಡುಗೆಮನೆಗೆ ಮತ್ತೆ ಬರಲು ಒಂದು ವರ್ಷ ಹಿಡಿಯಿತು. ಬಂದ ಮೇಲೂ ಗಂಡನ ಕೆಲಸದ ಮಾತು ಬಂದರೆ ಎದ್ದುಬಿಡುವಳು. ಪಾಯಿಂಟಕ್ಕನೂ ಬದಲಾದಳು. ಯಾರದೋ ಲೈನು ಫೇಲಾದರೆ ಮೊದಲಿನಂತೆ ತಟ್ಟನೆ ಪೆನ್ನೆತ್ತುತ್ತಿರಲಿಲ್ಲ. "ಇರು, ಮೊದಲು ನನ್ನದು ನೋಡ್ಕೋತೀನಿ," ಎಂದು ಇನ್ನೊಂದು ಮೀಟರಿಗೆ ಕೈಹಾಕುವಳು. ಇದರಿಂದ ಅವಳ ಕೆಲಸ ನಿಧಾನವಾಯಿತೆಂದು ಕೆಲವರು ಆಡಿಕೊಂಡರು. ಅವಳು ಅದನ್ನು ಕೇಳಿಸಿಕೊಂಡಳು, ಕೆಲಸವನ್ನು ಬೇಗ ಮಾಡಲಿಲ್ಲ.

ಎರಡು ವರ್ಷದ ಮೇಲೆ ಮೈದುನನ ಇನ್ನೊಂದು ಲೈನು ಮಿತಿ ದಾಟಿತು. ಎರಡೂ ಮೀಟರಿನಲ್ಲಿ ನೋಡಿದಳು, ಎರಡೂ ಒಂದೇ ಹೇಳಿದವು. ಫೋನ್ ಮಾಡಿದಳು.

"ಹದಿಮೂರು ಪಾಯಿಂಟ್ ಒಂದು. ಎರಡರಲ್ಲೂ ನೋಡಿದೆ."

"ಸರಿ, ಅತ್ತಿಗೆ. ನಾಲ್ಕನೇದು ಸೇರಿಸುವಾಗಲೇ ನನಗೆ ಅನುಮಾನ ಇತ್ತು. ಅಲ್ಲಿಂದ ಶುರುಮಾಡ್ತೀನಿ," ಎಂದ ಅವನು. ಅವಳು ಮಡಚುವ ಕುರ್ಚಿ ಬಿಚ್ಚಿ ವ್ಯಾನಿನ ನೆರಳಿನಲ್ಲಿ ಕೂತು, ಅವನು ಗುಂಡಿಗೆ ಇಳಿದು ಫೋನ್ ಮಾಡುವುದನ್ನು ಕಾಯತೊಡಗಿದಳು.